ಪುಟ್ಟಿ ಹಿಂದೆ ಕೂತರೆ ದಾರಿಯೇ ಬೇರೆ

ವೀಕೆಂಡ್‌ನಲ್ಲಿ ನಮ್ಮ ಕಡೆ ಬರುವ ರೈಡರ್‌ಗಳು ‘ಮಲೆನಾಡಿನ ಆಫ್‌ರೋಡ್ ಟ್ರೇಲ್’ ಅಂತ ವಿಡಿಯೊ ಹಾಕುತ್ತಾರಲ್ಲ, ಅದರಲ್ಲಿ ಅರ್ಧಕ್ಕರ್ಧ ಯಾರದೋ ಮನೆಗೆ ಹೋಗುವ ದಾರಿ. ಹಾಲಿನ ಕ್ಯಾನು, ಗ್ಯಾಸ್ ಸಿಲಿಂಡರು, ಅಡಿಕೆ ಮೂಟೆ, ಅಂಗನವಾಡಿಗೆ ಹೊರಟ ಮಗು ಎಲ್ಲವೂ ಆ ದಾರಿಯಲ್ಲಿ ಬೈಕ್ ಮೇಲೆಯೇ ಹೋಗಬೇಕು. ಹೊಸನಗರ ತಾಲ್ಲೂಕಿನ ನಗರದ ಹತ್ತಿರ ನಮ್ಮ ಹಳ್ಳಿ. ಟಾರು ರಸ್ತೆಯಿಂದ ಮನೆಗೆ ಮೂರು ಕಿಲೋಮೀಟರು ಮಣ್ಣು. ಅದಕ್ಕೊಂದು ಇಂಗ್ಲಿಷ್ ಹೆಸರಿದೆ ಅಂತ ನನಗೆ ಗೊತ್ತಾಗಿದ್ದು ಸಾಗರದಲ್ಲಿ ಬಿ.ಕಾಂ. ಓದುವಾಗ.

ಈ ದಾರಿಗಳು ಹೀಗೇಕೆ ಎನ್ನುವುದಕ್ಕೆ ಕಾಡು, ಮಳೆ ಅಷ್ಟೇ ಕಾರಣವಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ನೀರು ನಿಂತಾಗ ಊರುಗಳ ಜೊತೆ ನೇರವಾಗಿದ್ದ ದಾರಿಗಳೂ ಮುಳುಗಿದವು. ಆಮೇಲೆ ನಮ್ಮ ಹೊಸನಗರದ ಕಡೆ ಮಾಣಿ, ಚಕ್ರಾ, ಸಾವೆಹಕ್ಲು ಜಲಾಶಯಗಳು ಬಂದವು. ಹಿಂದೆ ಒಂದು ಗುಡ್ಡ ಇಳಿದರೆ ಸಿಗುತ್ತಿದ್ದ ನೆಂಟರ ಮನೆಗೆ ಹಿನ್ನೀರು ಸುತ್ತಿ ಹೋಗಬೇಕಾಯಿತು. ಸುತ್ತುವ ದಾರಿಗೆ ಟಾರು ಬಂದಿದ್ದು ಕೆಲವು ಕಡೆ ಮಾತ್ರ.

ನಮ್ಮಕ್ಕನಿಗೆ ನಾಲ್ಕು ವರ್ಷವಿದ್ದಾಗ ಆಷಾಢದ ಮಳೆಯಲ್ಲಿ ಜ್ವರ ನೆತ್ತಿಗೇರಿತ್ತಂತೆ. ಅಪ್ಪ ಬೈಕ್ ಓಡಿಸಿ, ಅಮ್ಮ ಹಿಂದೆ ಕೂತು, ನಡುವೆ ಕಂಬಳಿಕೊಪ್ಪೆಯೊಳಗೆ ಅಕ್ಕನನ್ನು ಸುತ್ತಿಕೊಂಡು ಹೊಸನಗರದ ಆಸ್ಪತ್ರೆಗೆ ಹೋಗಿದ್ದರು. ದಾರಿಯಲ್ಲಿ ಎರಡು ಸಲ ಬಿದ್ದರು ಎನ್ನುವುದನ್ನು ಅಪ್ಪ ಈಗಲೂ ನಗುತ್ತಾ ಹೇಳುತ್ತಾರೆ. ಅಮ್ಮ ನಗುವುದಿಲ್ಲ.

ಈ ಕಥೆಯನ್ನು ನಾನು ಕಳೆದ ದಸರಾ ರಜೆಯಲ್ಲಿ ವಾದಕ್ಕೆ ಬಳಸಿದೆ. ಅಕ್ಕ ಈಗ ಬೆಂಗಳೂರಿನಲ್ಲಿದ್ದಾಳೆ. ಅವಳ ಮಗಳು ಪುಟ್ಟಿಗೆ ಆರು ವರ್ಷ, ಒಂದನೇ ಕ್ಲಾಸು. ಕಾಲೇಜಿನ ಗೆಳೆಯರು ಮೂವರು ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಮಣ್ಣಿನ ದಾರಿಗಳಲ್ಲಿ ಎರಡು ದಿನ ಬೈಕ್ ಸುತ್ತುತ್ತೇವೆ. ಅದರ ಫೋಟೊ ನೋಡಿದ ಪುಟ್ಟಿ ‘ಮಾಮ, ನಾನೂ ಬರ್ತೀನಿ’ ಎಂದು ಹಠ ಹಿಡಿದಳು. ನನಗೂ ಕರೆದುಕೊಂಡು ಹೋಗುವ ಮನಸ್ಸು. ಅಕ್ಕ ಬೇಡವೆಂದಳು. ‘ನೀನು ಈ ದಾರೀಲಿ ಬೈಕ್ ಮೇಲೇ ಬೆಳೆದವಳಲ್ವಾ’ ಅಂದೆ.

‘ನಾನು ಹೋಗಿದ್ದು ಬೇರೆ ಗತಿ ಇಲ್ದೆ. ನೀನು ಇವಳನ್ನ ಕರ್ಕೊಂಡು ಹೋಗೋದು ಮಜಕ್ಕೆ. ಎರಡೂ ಒಂದೇ ಅಂತ ನಂಗೆ ಹೇಳ್ಬೇಡ ಮಾರಾಯ’ ಅಂದಳು. 2023ರ ಆಗಸ್ಟ್‌ನಲ್ಲಿ ಚೆನ್ನೈನ ರೇಸ್ ಟ್ರ್ಯಾಕ್‌ನಲ್ಲಿ ಬೆಂಗಳೂರಿನ 13 ವರ್ಷದ ಹುಡುಗ ಬಿದ್ದು ತೀರಿಕೊಂಡ ಸುದ್ದಿಯನ್ನೂ ನೆನಪಿಸಿದಳು. ಅದು ರೇಸ್, ಇದು ರೇಸಲ್ಲ ಎಂದು ಹೇಳಬಹುದಿತ್ತು. ಆದರೆ ಅಲ್ಲಿ ಟ್ರ್ಯಾಕ್ ಇತ್ತು, ನುರಿತವರಿದ್ದರು, ತೊಡುವುದೆಲ್ಲ ತೊಟ್ಟ ಹುಡುಗನಿದ್ದ. ನನ್ನ ಹತ್ತಿರ ಏನಿತ್ತು? ಡಿಗ್ರಿ ಮುಗಿಸಿ ಎರಡು ವರ್ಷವಾದ, ನೋಟಿಫಿಕೇಷನ್ ಕಾಯುತ್ತ ಮನೆಯಲ್ಲಿರುವ ತಮ್ಮ ನಾನು. ಅಕ್ಕ ಆ ಮಾತು ಆಡಲಿಲ್ಲ, ಆದರೂ ನನಗೆ ಕೇಳಿಸಿತು. ಕೆಲಸ ಹುಡುಕುತ್ತಿರುವವರಿಗೆ ಇದು ಗೊತ್ತಿರುತ್ತದೆ. ಮನೆಯಲ್ಲಿ ಯಾರೂ ಏನೂ ಅನ್ನದಿದ್ದರೂ, ಒಂದು ಜವಾಬ್ದಾರಿ ಕೊಡುವಾಗ ಅವರು ಅರೆಕ್ಷಣ ಯೋಚಿಸುವುದು ಕಾಣಿಸುತ್ತದೆ.

ಮಜಕ್ಕೆ ಹೋಗುವುದಾದರೆ ಗತಿಯಿಲ್ಲದೆ ಹೋಗುವವರಿಗಿಂತ ಹತ್ತು ಪಟ್ಟು ತಯಾರಿ ಬೇಕು. ಅಕ್ಕನ ಮಾತಿನಿಂದ ನಾನು ಹಿಡಿದುಕೊಂಡಿದ್ದು ಇಷ್ಟು. ಒಂದು ವಾರ ಸಮಯ ಕೇಳಿದೆ.

ಮೊದಲು ಕಾನೂನು ಓದಿದೆ. ಪರೀಕ್ಷೆಗೆ ಓದುವ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬಂತು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ನಾಲ್ಕು ವರ್ಷ ದಾಟಿದ ಪ್ರತಿಯೊಬ್ಬರಿಗೂ ಹೆಲ್ಮೆಟ್ ಕಡ್ಡಾಯ. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ 2023ರ ಫೆಬ್ರುವರಿ 15ರಿಂದ ಜಾರಿಯಾದ ಬೇರೆಯದೇ ನಿಯಮವಿದೆ: ಮಗುವಿಗೆ ಜಾಕೆಟ್‌ನಂಥ ಹಾರ್ನೆಸ್ ತೊಡಿಸಿ, ಅದರ ಪಟ್ಟಿಯನ್ನು ಓಡಿಸುವವನ ಭುಜಕ್ಕೆ ಹಾಕಬೇಕು, ತಲೆಗೆ ಮಕ್ಕಳ ಹೆಲ್ಮೆಟ್ ಇರಬೇಕು, ವೇಗ ಗಂಟೆಗೆ 40 ಕಿ.ಮೀ. ದಾಟಬಾರದು. ಆ ಹಾರ್ನೆಸ್ 30 ಕೆ.ಜಿ. ತಡೆಯುವಂತಿರಬೇಕು ಎಂದೂ ಇದೆ. ಬೈಕ್ ಮೇಲೆ ಓಡಿಸುವವನನ್ನು ಬಿಟ್ಟು ಇನ್ನೊಬ್ಬರಿಗೆ ಮಾತ್ರ ಅವಕಾಶ. ಅಂದರೆ ಅಪ್ಪ, ಅಮ್ಮ, ನಡುವೆ ಮಗು ಎಂಬ ನಮ್ಮೂರಿನ ಪದ್ಧತಿ ಕಾನೂನಿಗೆ ಒಗ್ಗುವುದಿಲ್ಲ. ಪುಟ್ಟಿಗೆ ಆರು ವರ್ಷವಾದ್ದರಿಂದ ಹಾರ್ನೆಸ್ ಕಡ್ಡಾಯವಲ್ಲ. ಆದರೂ ತರಿಸಿದೆ. ಅವಳ ತೂಕ 18 ಕೆ.ಜಿ.

ಹೆಲ್ಮೆಟ್ ಸಿಕ್ಕಿದ್ದು ಶಿವಮೊಗ್ಗದ ನಾಲ್ಕನೇ ಅಂಗಡಿಯಲ್ಲಿ. ಮೊದಲ ಮೂರರಲ್ಲಿ ‘ದೊಡ್ಡವರದ್ದೇ ಸ್ಮಾಲ್ ಸೈಜ್ ತಗೊಳ್ಳಿ, ಒಳಗೆ ಟೋಪಿ ಹಾಕಿ’ ಅಂದರು. ಅದು ಇಲ್ಲದಿರುವುದಕ್ಕಿಂತ ಅಪಾಯ ಅನಿಸಿತು. ಮಕ್ಕಳ ದೇಹಕ್ಕೆ ಹೋಲಿಸಿದರೆ ತಲೆ ದೊಡ್ಡದು, ಕುತ್ತಿಗೆ ಎಳಸು. ಅದರ ಮೇಲೆ ದೊಡ್ಡವರ ಹೆಲ್ಮೆಟ್ಟಿನ ಭಾರ ಇಟ್ಟು ಗುಂಡಿಯಲ್ಲಿ ಕುಲುಕಿದರೆ ಕುತ್ತಿಗೆಯ ಗತಿ ಏನು? ಟೈಲರ್ ಟೇಪ್‌ನಲ್ಲಿ ಹುಬ್ಬಿನ ಮೇಲಿನಿಂದ ತಲೆಯ ಸುತ್ತಳತೆ ತೆಗೆದುಕೊಂಡು ಹೋಗಿದ್ದೆ, 50 ಸೆಂ.ಮೀ. ಐಎಸ್‌ಐ ಗುರುತಿನ, ಹಗುರಾದ, ಮಕ್ಕಳ ಅಳತೆಯದ್ದೇ ತಂದೆ. ಮನೆಯಲ್ಲಿ ಹಾಕಿಸಿ ‘ತಲೆ ಅಲ್ಲಾಡಿಸು’ ಅಂದೆ. ಹೆಲ್ಮೆಟ್ ತಲೆಯ ಜೊತೆಗೇ ತಿರುಗಬೇಕು, ತಡವಾಗಿ ಅಲ್ಲ. ಪುಟ್ಟಿ ಆವತ್ತು ಊಟ ಮಾಡಿದ್ದೂ ಅದನ್ನು ಹಾಕಿಕೊಂಡೇ.

ಯಾವ ಬೈಕ್ ಎನ್ನುವುದಕ್ಕೆ ಜಗಳವಾಯಿತು. ಗೆಳೆಯನೊಬ್ಬನ ಹತ್ತಿರ ಎಕ್ಸ್‌ಪಲ್ಸ್ ಇದೆ, ಇನ್ನೊಬ್ಬನದು ಹಿಮಾಲಯನ್. ಎಕ್ಸ್‌ಪಲ್ಸ್ ತಗೋ, ಮಣ್ಣಿಗೆ ಮಾಡಿದ ಬೈಕು ಎಂದರು. ಅಪ್ಪ ಮಾತ್ರ ‘ನಮ್ಮ ಸ್ಪ್ಲೆಂಡರ್ ತಗಂಡು ಹೋಗು. ಎರಡೂ ಕಾಲು ನೆಲಕ್ಕೆ ಸಿಗುತ್ತೆ’ ಅಂದರು. ಯೋಚಿಸಿದರೆ ಅಪ್ಪನ ಮಾತೇ ಸರಿ. ಎತ್ತರದ ಬೈಕಿನ ಅನುಕೂಲವೆಲ್ಲ ಒಬ್ಬನೇ ಹೋಗುವವನಿಗೆ. ಅವನು ಫುಟ್‌ರೆಸ್ಟ್ ಮೇಲೆ ಎದ್ದು ನಿಂತು ಓಡಿಸುತ್ತಾನೆ, ಬೈಕು ಅಡಿಯಲ್ಲಿ ಕುಣಿಯಲು ಬಿಡುತ್ತಾನೆ. ಹಿಂದೆ ಮಗು ಇದ್ದರೆ ಏಳುವ ಹಾಗೇ ಇಲ್ಲ. ಕೂತೇ ಓಡಿಸಬೇಕು, ಜಾರಿದರೆ ಕಾಲು ಊರಬೇಕು. ಮಣ್ಣಿನಲ್ಲಿ ಬೀಳುವುದು ಸಾಮಾನ್ಯವಾಗಿ ವೇಗದಲ್ಲಲ್ಲ, ನಿಂತ ಜಾಗದಲ್ಲೇ ವಾಲಿ. ಆಗ ಕಾಪಾಡುವುದು ಸಸ್ಪೆನ್ಷನ್ ಅಲ್ಲ, ನೆಲ ಮುಟ್ಟುವ ಪಾದ.

ವಾಲಿದರೆ ಅವಳ ಕಾಲು ಎಲ್ಲಿ ಹೋಗುತ್ತದೆ? ಇದೇ ನನಗೆ ದೊಡ್ಡ ಪ್ರಶ್ನೆಯಾಗಿತ್ತು. ಅಂಗಳದಲ್ಲಿ ಅಡಿಕೆ ಸೋಗೆ ಹಾಸಿ, ಖಾಲಿ ಬೈಕನ್ನು ಎರಡೂ ಬದಿಗೆ ನಿಧಾನ ಮಲಗಿಸಿ ನೋಡಿದೆವು. ಎಡಗಡೆ ಸೀರೆಗಾರ್ಡ್ ಇತ್ತು, ಮಗುವಿನ ಕಾಲಿಗೆ ಸಾಕಷ್ಟು ಸಂದು ಉಳಿಯಿತು. ಬಲಗಡೆ ಸೈಲೆನ್ಸರ್. ಅಲ್ಲಿ ಸಂದೂ ಕಡಿಮೆ, ಸುಡುವ ಭಯ ಬೇರೆ. ಹೊಸನಗರದ ಗ್ಯಾರೇಜಿನಲ್ಲಿ ಬಲಗಡೆಗೂ ಒಂದು ಕಬ್ಬಿಣದ ಗಾರ್ಡ್ ಹಾಕಿಸಿ, ಅವಳ ಪಾದ ತಲುಪುವಷ್ಟು ಮೇಲಕ್ಕೆ ಎರಡು ಫುಟ್‌ರೆಸ್ಟ್ ಕೂರಿಸಿಕೊಂಡೆ. ಕಾಲು ಜೋತಾಡುವ ಮಗು ತನ್ನ ಭಾರವನ್ನು ತಾನು ಹಿಡಿದುಕೊಳ್ಳಲಾರದು. ಪಾದ ಊರಿದರೆ ಮಾತ್ರ ಗುಂಡಿ ಬಂದಾಗ ಮೈ ಗಟ್ಟಿ ಮಾಡಿಕೊಳ್ಳಬಲ್ಲದು. ದಪ್ಪ ಜೀನ್ಸ್, ಹಿಮ್ಮಡಿ ಮುಚ್ಚುವ ಶೂ, ಕೈಗೆ ಗ್ಲೌಸ್.

ಮುಂದೆ ಟ್ಯಾಂಕಿನ ಮೇಲೆ ಕೂರಿಸಿಕೊಂಡರೆ ಕಣ್ಣೆದುರಿಗೇ ಇರುತ್ತಾಳಲ್ಲ ಎಂದು ಅಜ್ಜಿ ಕೇಳಿದರು. ನಮ್ಮ ಕಡೆ ಎಲ್ಲರೂ ಹಾಗೇ ಮಾಡುತ್ತಾರೆ. ಆದರೆ ಬ್ರೇಕ್ ಒತ್ತಿದಾಗ ಓಡಿಸುವವನ ಇಡೀ ಮೈಭಾರ ಮುಂದಕ್ಕೆ ಬಂದು ಹ್ಯಾಂಡಲ್‌ಗೂ ಎದೆಗೂ ನಡುವೆ ಸಿಕ್ಕಿಬೀಳುವುದು ಮಗುವೇ. ಹ್ಯಾಂಡಲ್ ತಿರುಗಿಸಲೂ ಜಾಗವಿರುವುದಿಲ್ಲ.

ವಾರದ ಕೊನೆಗೆ ಅಕ್ಕನೇ ಹಿಂದೆ ಕೂತು ನಮ್ಮ ಮೂರು ಕಿಲೋಮೀಟರು ಹೋಗಿ ಬಂದಳು. ಬಂದು ಇಳಿದು ‘ನಿದ್ದೆ ಬಂದ್ರೆ ನಿಲ್ಸು. ಅಳು ಬಂದ್ರೆ ಅಲ್ಲಿಗೇ ಮುಗೀತು, ಸಮಾಧಾನ ಮಾಡಿ ಮುಂದೆ ಕರ್ಕೊಂಡು ಹೋಗ್ಬಾರ್ದು’ ಅಂದಳು. ಒಪ್ಪಿಗೆ ಅಂತ ಬಾಯಿಬಿಟ್ಟು ಹೇಳಲಿಲ್ಲ.

ತಿಂಗಳು ಆರಿಸಿದ್ದಕ್ಕೂ ಕಾರಣವಿದೆ. ಮಳೆಗಾಲದಲ್ಲಿ ಉಂಬಳ, ಕೆಸರು. ಡಿಸೆಂಬರ್ ನಂತರ ಮೇ ತನಕ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಸಾಗರ, ಹೊಸನಗರ, ತೀರ್ಥಹಳ್ಳಿಗೆ ಹೊಸದಲ್ಲ. 2018ರ ಕೊನೆಯಿಂದ 2019ರ ತನಕ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಅದು ಮಾಡಿದ ಸಾವುಗಳನ್ನು ಇಲ್ಲಿ ಯಾರೂ ಮರೆತಿಲ್ಲ. ಹರಡುವುದು ಉಣುಗು. ಒಣ ದರಗಿನ ಮೇಲೆ ಕೂತು ಆಡುವ ಮಗುವಿಗೆ ಹತ್ತಲು ಅದಕ್ಕೆ ನಿಮಿಷ ಸಾಕು. ಜನವರಿಯ ಚಂದದ ಬಿಸಿಲು ನೋಡಿ ಮಕ್ಕಳನ್ನು ಕರೆದುಕೊಂಡು ಈ ಕಾಡಂಚಿಗೆ ಬರುವವರನ್ನು ಕಂಡರೆ ನಮಗೆ ಭಯವಾಗುವುದು ಅದಕ್ಕೇ. ಅಕ್ಟೋಬರ್‌ನಲ್ಲಿ ಮಣ್ಣು ಹಸಿಯಾಗಿರುತ್ತದೆ, ಧೂಳೂ ಇಲ್ಲ, ಕೆಸರೂ ಅಷ್ಟಿಲ್ಲ. ಆದರೂ ಎರಡೂ ದಿನ ಸಂಜೆ ಬಿಸಿನೀರು ಸ್ನಾನ, ಕಿವಿ ಹಿಂದೆ, ಕಂಕುಳು ಎಲ್ಲ ನೋಡುವುದು ಎಂದು ಅಮ್ಮ ತಾಕೀತು ಮಾಡಿದ್ದರು.

ದಾರಿಯನ್ನು ಕೆಳದಿ ಅರಸರ ರಾಜಧಾನಿಗಳಿಗೆ ಕಟ್ಟಿದ್ದೆ: ಸಾಗರದ ಪಕ್ಕದ ಇಕ್ಕೇರಿ, ನಮ್ಮ ನಗರ ಅಂದರೆ ಹಳೆಯ ಬಿದನೂರು, ಕೊನೆಗೆ ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗ. ಮೂರು ತಾಲ್ಲೂಕು, ಎರಡು ದಿನ, ನಡುವೆ ರಾತ್ರಿ ನಮ್ಮ ಮನೆಯಲ್ಲೇ. ಬಹುಪಾಲು ಟಾರು. ಮಣ್ಣಿನ ದಾರಿ ಎಲ್ಲ ಸೇರಿದರೂ 30 ಕಿಲೋಮೀಟರಿನೊಳಗೆ. ಅದೂ ಊರಿಂದ ಊರಿಗೆ ಹೋಗುವ ರಸ್ತೆ, ಕಾಡೊಳಗಿನದಲ್ಲ. ಶರಾವತಿ ಕಣಿವೆ, ಮೂಕಾಂಬಿಕಾ ಎರಡೂ ಅಭಯಾರಣ್ಯಗಳು. ಅಲ್ಲಿ ಬೈಕ್ ನುಗ್ಗಿಸುವುದು ಸಾಹಸವಲ್ಲ.

ಪುಟ್ಟಿ ಸಾಗರಕ್ಕೆ ಅಕ್ಕನ ಜೊತೆ ಬಸ್ಸಿನಲ್ಲಿ ಬಂದಳು. ಬೆಳಿಗ್ಗೆ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಎದುರು ಹಾರ್ನೆಸ್ ಕಟ್ಟಿಕೊಂಡೆವು. ನಮ್ಮಿಬ್ಬರ ನಡುವೆ ಒಂದು ಭಾಷೆ ಮಾಡಿಕೊಂಡಿದ್ದೆವು. ಬೆನ್ನಿಗೆ ಒಂದು ಗುದ್ದು ಅಂದರೆ ನಿಲ್ಲಿಸು, ಎರಡು ಅಂದರೆ ನಿಧಾನ. ಕಾರಣ ಕೇಳುವಂತಿಲ್ಲ, ಗುದ್ದಿದರೆ ನಿಲ್ಲಿಸಲೇಬೇಕು. ಎಕ್ಸ್‌ಪಲ್ಸ್‌ನವನು ಮುಂದೆ ಹೋಗಿ ದಾರಿ ನೋಡುವುದು, ಹಿಮಾಲಯನ್‌ನವನು ನಮ್ಮ ಹಿಂದೆ ಬರುವುದು.

2025ರ ಜುಲೈ 14ರಂದು ಉದ್ಘಾಟನೆಯಾದ ಸಿಗಂದೂರು ಸೇತುವೆಯ ಮೇಲೆ ಮೊದಲ ಗುದ್ದು ಬಿತ್ತು. ‘ಲಾಂಚ್ ಎಲ್ಲಿ?’ ಅಂದಳು. ಹಿಂದಿನ ವರ್ಷ ಇದೇ ನೀರನ್ನು ಲಾಂಚಿನಲ್ಲಿ ದಾಟಿದ್ದು ಅವಳಿಗೆ ನೆನಪಿತ್ತು. ಅಂಬಾರಗೋಡ್ಲಿನಲ್ಲಿ ಗಂಟೆಗಟ್ಟಲೆ ಲಾಂಚಿಗೆ ಕಾದವರಿಗೆ ಈ ಎರಡೂವರೆ ಕಿಲೋಮೀಟರಿನ ಸೇತುವೆಯ ಬೆಲೆ ಗೊತ್ತು. ಪುಟ್ಟಿಗೆ ಮಾತ್ರ ಬೇಜಾರಾಯಿತು.

ತುಮರಿ ದಾಟಿ ಮಣ್ಣಿಗೆ ಇಳಿದ ಮೇಲೆ ನನ್ನ ಲೆಕ್ಕವೆಲ್ಲ ತಲೆಕೆಳಗಾಯಿತು. ಗುದ್ದಿನ ಮೇಲೆ ಗುದ್ದು. ಏಡಿ ಕಂಡರೆ ಗುದ್ದು. ಚೋರಟೆ ಉರುಟಾಗಿ ಸುತ್ತಿಕೊಂಡಿದ್ದಕ್ಕೆ ಗುದ್ದು. ಯಾರದೋ ಮನೆಯ ಕರು ಎದುರು ಬಂದಿದ್ದಕ್ಕೆ ಗುದ್ದು. ಮೊದಲ ಆರು ಕಿಲೋಮೀಟರಿಗೆ ಒಂದು ಗಂಟೆ ಹತ್ತು ನಿಮಿಷ. ಮುಂದೆ ಹೋದವನು ಕಾದು ಕಾದು ವಾಪಸ್ ಬಂದು ‘ಏನಾಯ್ತು, ಪಂಚರಾ?’ ಎಂದ. ‘ಇಲ್ಲ, ಚೋರಟೆ’ ಅಂದೆ. ಅವನ ಮುಖ ನೋಡಬೇಕಿತ್ತು.

ನಿಲ್ಲಿಸುವುದು ಒಳ್ಳೆಯದೇ ಆಯಿತು. ಒಂದು ಕಡೆ ಇಪ್ಪತ್ತೈದು ನಿಮಿಷ ಗುದ್ದೇ ಬೀಳಲಿಲ್ಲ. ಆಮೇಲೆ ನನ್ನ ಬೆನ್ನಿಗೆ ಹೆಲ್ಮೆಟ್ ‘ಟಕ್’ ಅಂತ ತಾಗಿತು. ಇನ್ನೊಮ್ಮೆ ಟಕ್. ತೂಕಡಿಕೆ. ಎಂಜಿನ್ನಿನ ಒಂದೇ ಸಮ ಅದುರು ಮಕ್ಕಳಿಗೆ ಜೋಗುಳವಿದ್ದಂತೆ. ನಿದ್ದೆ ಹತ್ತಿದರೆ ಹಿಡಿದ ಕೈಯೂ ಊರಿದ ಪಾದವೂ ಒಟ್ಟಿಗೇ ಸಡಿಲ. ಹಾರ್ನೆಸ್ ಬೀಳದಂತೆ ತಡೆಯಬಹುದು, ಒಂದು ಬದಿಗೆ ವಾಲುವ 18 ಕೆ.ಜಿ.ಯನ್ನು ತಡೆಯದು. ಒಂದು ಅಂಗಡಿಯ ಬೆಂಚಿನ ಮೇಲೆ ಮಲಗಿಸಿದೆವು. ಮುಕ್ಕಾಲು ಗಂಟೆ ಮಲಗಿದಳು. ಅಂಗಡಿಯ ಅಮ್ಮ ಚಾಪೆ ತಂದುಕೊಟ್ಟು, ‘ಯಾರ ಮನೆ ಮಗು? ಅಮ್ಮ ಎಲ್ಲಿ?’ ಎಂದು ನಮ್ಮನ್ನೇ ತನಿಖೆ ಮಾಡಿದರು.

ಆ ಭಾಗದಲ್ಲಿ ಮೊಬೈಲ್ ಸಿಗ್ನಲ್ ಹುಡುಕಿ ದಿಬ್ಬ ಹತ್ತಬೇಕು. ಆದ್ದರಿಂದ ಮನೆಯಲ್ಲಿ ಸಮಯ ಹೇಳಿಟ್ಟಿದ್ದೆವು: ನಾಲ್ಕು ಗಂಟೆಗೆ ನಿಟ್ಟೂರಿನಿಂದ ಫೋನ್ ಬರದಿದ್ದರೆ ಅಪ್ಪ ಜೀಪು ಮಾಡಿಕೊಂಡು ನಾವು ಬರುವ ದಾರಿಯಲ್ಲೇ ಎದುರಾಗಬೇಕು. ಚೀಟಿಯಲ್ಲಿ ಊರುಗಳ ಹೆಸರು ಅನುಕ್ರಮವಾಗಿ ಬರೆದುಕೊಟ್ಟಿದ್ದೆ. ಅಪ್ಪನಿಗೆ ಆ ಚೀಟಿ ಬೇಕಿರಲಿಲ್ಲ, ಅಕ್ಕನಿಗೆ ಬೇಕಿತ್ತು.

ನಿಟ್ಟೂರಿಗೆ ಮುಂಚೆ ಒಂದು ಏರು. ಮಳೆ ನೀರು ನಡುವೆ ಮೊಣಕಾಲುದ್ದ ಕೊರಕಲು ಮಾಡಿತ್ತು, ಬದಿಯಲ್ಲಿ ಜಂಬಿಟ್ಟಿಗೆಯ ಸಣ್ಣ ಕಲ್ಲುಗಳು ಗೋಲಿಯಂತೆ ಉರುಳುತ್ತಿದ್ದವು. ಇನ್ನೂರು ಮೀಟರು ಇರಬಹುದು. ಹಿಂದಿನ ಎರಡು ವರ್ಷ ಇಲ್ಲಿ ಯಾರು ಕಾಲು ಊರದೆ ಹತ್ತುತ್ತಾರೆ ಎಂದು ಪಂದ್ಯ ಕಟ್ಟಿದ್ದೆವು. ಈ ಸಲ ಪುಟ್ಟಿಯನ್ನು ಕೆಳಗೇ ಇಳಿಸಿದೆ. ಹಿಮಾಲಯನ್‌ನವನು ಅವಳ ಕೈ ಹಿಡಿದು ಬದಿಯ ಹುಲ್ಲಿನ ಮೇಲೆ ನಡೆಸಿಕೊಂಡು ಹೋದ. ನಾನು ಒಬ್ಬನೇ ಹತ್ತುವಾಗ ಹಿಂದಿನ ಚಕ್ರ ಎರಡು ಸಲ ಅಡ್ಡಕ್ಕೆ ಹೋಯಿತು, ಎರಡೂ ಸಲ ಕಾಲು ಊರಿದೆ. ಮೇಲೆ ಹತ್ತಿ ನೋಡಿದರೆ ಅವಳು ಆಗಲೇ ಅರ್ಧ ಏರಿ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. ‘ಮಾಮ, ನೀನು ಎರಡು ಔಟ್’ ಅಂದಳು. ಹಳ್ಳ ಸಿಕ್ಕಲ್ಲೂ ಹಾಗೇ. ಬೈಕು ನೀರಲ್ಲಿ, ಅವಳು ಗೆಳೆಯನ ಕೈ ಹಿಡಿದು ಕಾಲುಸಂಕದ ಮೇಲೆ. ಒಟ್ಟು ಎರಡು ದಿನದಲ್ಲಿ ಅವಳು ಇಳಿದು ನಡೆದಿದ್ದು ಹನ್ನೊಂದು ಸಲ. ಮಕ್ಕಳೊಂದಿಗೆ ಮಣ್ಣಿನ ರೈಡ್ ಎಂದರೆ ಎಲ್ಲಿ ಇಳಿಸಬೇಕು ಎಂದು ಗೊತ್ತಿರುವುದು, ಇಳಿಸಲು ನಾಚಿಕೆಪಡದಿರುವುದು. ಉಳಿದದ್ದು ಗೇರು, ಕ್ಲಚ್ಚು.

ಮರುದಿನ ನಗರದ ಕೋಟೆ ನೋಡಿದೆವು. ‘ಹೈದರಾಲಿ 1763ರಲ್ಲಿ ಇದನ್ನ ಗೆದ್ದ’ ಎಂದು ಪರೀಕ್ಷೆಗೆ ಓದಿದ್ದನ್ನೆಲ್ಲ ಒಪ್ಪಿಸಿದೆ. ‘ಅವನ ಹತ್ರ ಬೈಕ್ ಇತ್ತಾ?’ ಎನ್ನುವುದು ಅವಳ ಒಂದೇ ಪ್ರಶ್ನೆ. ಕವಲೇದುರ್ಗದಲ್ಲಿ ಕೋಟೆಗೆ ನಡೆದೇ ಹತ್ತಬೇಕು. ಗದ್ದೆ ದಾಟಿ, ಕಲ್ಲು ಹಾಸಿನ ಮೇಲೆ, ಅವಳು ನಮಗಿಂತ ಮುಂದೆ.

ಇಳಿದು ಬರುವಷ್ಟರಲ್ಲಿ ಪಡುವಣ ಕಪ್ಪಾಗಿತ್ತು. ಹಿಂಗಾರಿನ ಗುಡುಗು. ಕೊನೆಯ ಒಂಬತ್ತು ಕಿಲೋಮೀಟರು ಮಣ್ಣಿನ ದಾರಿ, ಇಡೀ ರೈಡಿನಲ್ಲಿ ನಾನು ತುಂಬ ಆಸೆಯಿಂದ ಇಟ್ಟುಕೊಂಡಿದ್ದು, ಉಳಿದಿತ್ತು. ಹಸಿ ಜೇಡಿಯ ಮೇಲೆ ಮಳೆ ಬಿದ್ದರೆ ಟೈರಿನ ಹಲ್ಲುಗಳಲ್ಲಿ ಮಣ್ಣು ಕೂತು ಚಕ್ರ ನುಣುಪಾಗುತ್ತದೆ. ನಾನು ಟಾರು ರಸ್ತೆಯಲ್ಲಿ ತೀರ್ಥಹಳ್ಳಿಗೆ ಹೋಗುತ್ತೇನೆ ಎಂದೆ. ಎಕ್ಸ್‌ಪಲ್ಸ್‌ನವನಿಗೆ ಸಿಟ್ಟು. ‘ಇಷ್ಟು ದೂರ ಬಂದು ಬಿಡೋದಾ? ಮಳೆ ಇನ್ನೂ ಬಂದೇ ಇಲ್ಲ’ ಅಂದ. ಪುಟ್ಟಿಯೂ ಅವನ ಪಕ್ಷ. ಅವನೊಬ್ಬನೇ ಮಣ್ಣಿಗೆ ಹೋದ. ನಾವಿಬ್ಬರು ಗಂಟೆಗೆ ಮೂವತ್ತರ ವೇಗದಲ್ಲಿ, ಲಾರಿಗಳಿಗೆ ದಾರಿ ಬಿಡುತ್ತಾ, ಎರಡು ಕಡೆ ಮಳೆಗೆ ಬಸ್ ಸ್ಟಾಪಿನಲ್ಲಿ ನಿಂತು ತೀರ್ಥಹಳ್ಳಿ ಮುಟ್ಟಿದೆವು. ಅವನು ಒಂದೂವರೆ ಗಂಟೆ ತಡವಾಗಿ, ತಲೆಯಿಂದ ಕಾಲಿನವರೆಗೆ ಕೆಸರಾಗಿ, ಕಿವಿಯ ತನಕ ನಗುತ್ತಾ ಬಂದ. ಏನೂ ಆಗಿರಲಿಲ್ಲ. ‘ಲೈಫಲ್ಲೇ ಬೆಸ್ಟ್ ರೈಡ್ ಕಣೋ’ ಅಂದ. ನನಗೆ ಹೊಟ್ಟೆ ಉರಿಯಿತು. ಈಗಲೂ ಸ್ವಲ್ಪ ಉರಿಯುತ್ತದೆ.

ಅಕ್ಕ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದಳು. ಮಗಳ ಕಾಲು, ಕೈ, ಕುತ್ತಿಗೆ ಎಲ್ಲ ಮುಟ್ಟಿ ನೋಡಿದಳು. ನನಗೆ ಏನೂ ಹೇಳಲಿಲ್ಲ. ರಜೆ ಮುಗಿಸಿ ಹೊರಡುವ ದಿನ ಮಾತ್ರ, ‘ಮುಂದಿನ ವರ್ಷ ತಲೆ ಅಳತೆ ಮತ್ತೆ ತಗೊಂಡು ಹೆಲ್ಮೆಟ್ ತರ್ಬೇಕಾಗುತ್ತೆ, ಇದು ಆಗಲ್ಲ’ ಅಂದಳು.

ಹಳೆಯ ಹೆಲ್ಮೆಟ್ ನಮ್ಮ ಜಗಲಿಯ ಗೂಟದಲ್ಲೇ ಉಳಿಯಿತು. ನವೆಂಬರ್‌ನಲ್ಲಿ ಪಕ್ಕದ ಮನೆಯ ಅಣ್ಣ, ದಿನಾ ಮಗನನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಡುವವರು, ಬಂದು ‘ಅದನ್ನ ಇವನಿಗೊಂದ್ಸಲ ಹಾಕಿ ನೋಡನಾ?’ ಎಂದರು. ಹುಡುಗನ ತಲೆ 49. ಒಳಗಿನ ಪ್ಯಾಡಿಗೆ ತೆಳ್ಳನೆಯ ಫೋಮ್ ಸೇರಿಸಿದ ಮೇಲೆ ಅಲ್ಲಾಡಲಿಲ್ಲ. ಸ್ಪ್ಲೆಂಡರ್‌ನಿಂದ ಬಿಚ್ಚಿಟ್ಟಿದ್ದ ಎರಡು ಫುಟ್‌ರೆಸ್ಟ್‌ಗಳೂ ಈಗ ಅವರ ಬೈಕಿನಲ್ಲಿವೆ. ಹುಡುಗ ಹಿಂದೆ ಕೂರುತ್ತಾನೆ. ಬೆಳಿಗ್ಗೆ ಎಂಟೂವರೆಗೆ ನಾನು ಜಗಲಿಯಲ್ಲಿ ಪುಸ್ತಕ ಹಿಡಿದು ಕೂತಿರುವಾಗ ಅವರು ನಮ್ಮ ಮನೆ ಮುಂದೆಯೇ ಹೋಗುತ್ತಾರೆ.